ಕಂಪನಿ ಹಡಗಿನಲ್ಲೇ ಫಿರಂಗಿ ಇದ್ದವಲ್ಲ, ಮತ್ತೆ ಬ್ರಿಟಿಷ್ ನೌಕಾಪಡೆ ಯಾಕೆ ಬೇಕಿತ್ತು?

ಓದುಗರ ಪ್ರಶ್ನೆ: ಈಸ್ಟ್ ಇಂಡಿಯಾ ಕಂಪನಿಯ ಹಡಗುಗಳ ಹಳೆಯ ಚಿತ್ರ ನೋಡಿದರೆ ಪಕ್ಕದಲ್ಲಿ ಸಾಲಾಗಿ ಫಿರಂಗಿ ಕಾಣುತ್ತವೆ. ಕಂಪನಿಗೆ ಸ್ವಂತ ಸೈನ್ಯವೂ ಇತ್ತು. ಹಾಗಿದ್ದ ಮೇಲೆ ಅದರ ವ್ಯಾಪಾರ ಕಾಯೋಕೆ ಇಂಗ್ಲೆಂಡಿನ ರಾಜನ ನೌಕಾಪಡೆ ಯಾಕೆ ಬರಬೇಕಿತ್ತು?

ಈ ಪ್ರಶ್ನೆ ಆಗಾಗ ಬರುತ್ತಲೇ ಇರುತ್ತದೆ. ಒಳ್ಳೆಯ ಪ್ರಶ್ನೆ. ನೇರ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಆ ಫಿರಂಗಿಗಳು ಕಡಲ್ಗಳ್ಳರನ್ನೂ ಸಣ್ಣಪುಟ್ಟ ಲೂಟಿ ಹಡಗುಗಳನ್ನೂ ದೂರ ಇಡೋಕೆ ಸಾಕಾಗುತ್ತಿದ್ದವು. ನಿಜವಾದ ಯುದ್ಧದ ಹಡಗು ಎದುರಾದರೆ ಸಾಲುತ್ತಿರಲಿಲ್ಲ. ಅದಕ್ಕೇ ನೌಕಾಪಡೆ ಬೇಕಿತ್ತು. ಆದರೆ ಇದು ಅರ್ಧ ಉತ್ತರ ಅಷ್ಟೇ. ಕಂಪನಿಗೆ ನೌಕಾಪಡೆ ಬೇಕಿದ್ದಷ್ಟೇ ನೌಕಾಪಡೆಗೂ ಕಂಪನಿ ಬೇಕಿತ್ತು. ಫಿರಂಗಿಗೆ ತುಂಬುವ ಮದ್ದು, ಹಡಗು ಕಟ್ಟುವ ಮರ, ಖಜಾನೆಗೆ ಬರುವ ಸುಂಕ, ಹಗ್ಗ ಎಳೆಯುವ ಆಳು, ಎಲ್ಲದರಲ್ಲೂ ಈ ವ್ಯಾಪಾರದ ಪಾಲಿತ್ತು. ಈ ಎರಡನೇ ಅರ್ಧವನ್ನು ನಮ್ಮ ಪಾಠಪುಸ್ತಕಗಳು ಹೆಚ್ಚಾಗಿ ಹೇಳುವುದೇ ಇಲ್ಲ.

ಮೊದಲು ಒಂದು ಕಂಪನಿ ಹಡಗಿನೊಳಗೆ ಇಣುಕಿ ನೋಡೋಣ. 18ನೇ ಶತಮಾನದ ಕೊನೆಯ ಹೊತ್ತಿಗೆ ಚೀನಾಕ್ಕೆ ಹೋಗಿಬರುತ್ತಿದ್ದ ದೊಡ್ಡ ಹಡಗುಗಳು ಸುಮಾರು 1,200 ಟನ್ನಿನವು. 30ರಿಂದ 36 ಫಿರಂಗಿ ಇರುತ್ತಿದ್ದವು. ಹೊರಮೈಗೆ ಯುದ್ಧದ ಹಡಗಿನ ಹಾಗೇ ಬಣ್ಣ. ಫಿರಂಗಿ ಇಲ್ಲದ ಕಡೆಯೂ ಕಿಂಡಿಯ ಹಾಗೆ ಕಾಣುವಂತೆ ಕಪ್ಪು ಚೌಕ ಬರೆದಿರುತ್ತಿದ್ದರು. ದೂರದಿಂದ ದುರ್ಬೀನಿನಲ್ಲಿ ನೋಡಿದವನಿಗೆ ಇದು ನೌಕಾಪಡೆಯ ದೊಡ್ಡ ಹಡಗೇ ಅನ್ನಿಸಬೇಕು. ಉದ್ದೇಶವೂ ಅದೇ.

ಒಳಗೆ ಹೋದರೆ ಬೇರೆಯೇ ಲೋಕ. ಹಡಗು ಕಟ್ಟಿದ್ದೇ ಸರಕು ತುಂಬೋಕೆ. ಹೋಗುವಾಗ ಉಣ್ಣೆ ಬಟ್ಟೆ, ಸೀಸ, ಕಬ್ಬಿಣ, ಬೆಳ್ಳಿ. ಬರುವಾಗ ಚಹಾ, ರೇಷ್ಮೆ, ಹತ್ತಿ ಬಟ್ಟೆ, ಮೆಣಸು, ಫಿರಂಗಿ ಮದ್ದಿಗೆ ಬೇಕಾದ ಪೆಟ್ಲುಪ್ಪು. ತುಂಬುವುದಕ್ಕೂ ಒಂದು ಕ್ರಮವಿತ್ತು. ಚೀನಾದಿಂದ ಬರುವಾಗ ಪಿಂಗಾಣಿ ಪೆಟ್ಟಿಗೆಗಳನ್ನು ಕೆಳಗೆ ಜೋಡಿಸುತ್ತಿದ್ದರು. ತಳದಲ್ಲಿ ನೀರು ಸೇರಿದರೂ ಪಿಂಗಾಣಿಗೆ ಏನೂ ಆಗದು. ಅದರ ಮೇಲೆ, ಒಣಗಿದ ಜಾಗದಲ್ಲಿ ಚಹಾ ಪೆಟ್ಟಿಗೆಗಳು. ಕ್ಯಾಪ್ಟನ್ ಮತ್ತು ಅಧಿಕಾರಿಗಳಿಗೆ ತಮ್ಮ ಸ್ವಂತ ವ್ಯಾಪಾರಕ್ಕೂ ಹಡಗಿನಲ್ಲಿ ಜಾಗ ಕೊಡುತ್ತಿದ್ದರು. ಕ್ಯಾಪ್ಟನ್ ಒಬ್ಬನಿಗೇ 50 ಟನ್ನಿಗೂ ಜಾಸ್ತಿ. ಅಲ್ಲಿ ಅವನು ತನ್ನ ಸರಕು ಹಾಕಿಕೊಂಡು ಮಾರಿ ಲಾಭ ಮಾಡಿಕೊಳ್ಳಬಹುದಿತ್ತು. ಸಂಬಳಕ್ಕಿಂತ ಈ ಸಂಪಾದನೆಯೇ ಎಷ್ಟೋ ಪಾಲು ದೊಡ್ಡದು. ಹಾಗಾಗಿ ಒಂದಿಂಚು ಜಾಗವನ್ನೂ ಖಾಲಿ ಬಿಡುತ್ತಿರಲಿಲ್ಲ. ಫಿರಂಗಿಗಳ ಮಧ್ಯೆಯೇ ಕ್ಯಾನ್ವಾಸ್ ಬಟ್ಟೆಯ ಮರೆ ಕಟ್ಟಿ ಪ್ರಯಾಣಿಕರಿಗೆ ಕೋಣೆ ಮಾಡುತ್ತಿದ್ದರು. ಮೇಲೆ ಕೋಳಿಗೂಡು, ಕುರಿ, ಹಂದಿ. ಗುಂಡು ಹಾರಿಸಬೇಕು ಅಂದರೆ ಮೊದಲು ಇದನ್ನೆಲ್ಲ ಎತ್ತಿ ಬದಿಗೆ ಹಾಕಬೇಕು.

ಇನ್ನು ಜನದ ಲೆಕ್ಕ. ಇಷ್ಟು ದೊಡ್ಡ ಹಡಗಿನಲ್ಲಿ ಸಿಬ್ಬಂದಿ ಸುಮಾರು 130-140. ಒಂದು 18 ಪೌಂಡ್ ಗುಂಡಿನ ಫಿರಂಗಿಯನ್ನು ಸರಿಯಾಗಿ ನಡೆಸೋಕೆ ಎಂಟು-ಹತ್ತು ಜನ ಬೇಕು. ಒಂದೇ ಪಕ್ಕದ 16 ಫಿರಂಗಿ ಹಿಡಿದರೂ ಇಡೀ ಹಡಗಿನ ಜನ ಅಲ್ಲಿಗೇ ಮುಗಿದರು. ಹಾಯಿ ಯಾರು ನೋಡಬೇಕು? ಚುಕ್ಕಾಣಿ ಯಾರು ಹಿಡಿಯಬೇಕು? ಇದಕ್ಕೆ ಹೋಲಿಸಿದರೆ ಫ್ರೆಂಚರ 74 ಫಿರಂಗಿಯ ಯುದ್ಧದ ಹಡಗಿನಲ್ಲಿ ಸುಮಾರು 700 ಜನ ಇರುತ್ತಿದ್ದರು. ಅದರ ಕೆಳ ಅಂತಸ್ತಿನ ಫಿರಂಗಿಗಳು ಹಾರಿಸುತ್ತಿದ್ದದ್ದು 36 ಪೌಂಡಿನ ಗುಂಡು. ಅಂಥ ಹಡಗಿನ ಜತೆ ನೇರ ಕಾದಾಟ ಅಂದರೆ ಕಂಪನಿ ಹಡಗಿಗೆ ಸೋಲು ಖಾತ್ರಿ.

ಇನ್ನೊಂದು ವಿಷಯ ತುಂಬಾ ಜನಕ್ಕೆ ಗೊತ್ತಿಲ್ಲ. 'ಕಂಪನಿ ಹಡಗು' ಅಂತ ಕರೆದರೂ ಅವು ಹೆಚ್ಚಿನವು ಕಂಪನಿಯ ಸ್ವಂತದ್ದಲ್ಲ. ಲಂಡನ್ನಿನ ಶ್ರೀಮಂತರು ಪಾಲು ಹಾಕಿ ಹಡಗು ಕಟ್ಟಿಸಿ ಕಂಪನಿಗೆ ಬಾಡಿಗೆಗೆ ಕೊಡುತ್ತಿದ್ದರು. ಹಡಗು ಹೋದರೆ ನಷ್ಟ ಆ ಪಾಲುದಾರರಿಗೆ. ಸರಕು ಹೋದರೆ ನಷ್ಟ ಕಂಪನಿಗೆ. ಕ್ಯಾಪ್ಟನ್‌ನ ಸ್ವಂತ ಸರಕು ಹೋದರೆ ಅವನ ಜೀವಮಾನದ ದುಡಿಮೆಯೇ ಹೋಯಿತು. ಇಷ್ಟು ಜನರ ದುಡ್ಡು ಹೊತ್ತ ಹಡಗು ಕಾದಾಡೋಕೆ ಹೋಗುವುದಿಲ್ಲ. ಸಾಧ್ಯವಾದಷ್ಟು ತಪ್ಪಿಸಿಕೊಂಡು ಮನೆ ಸೇರೋಕೆ ನೋಡುತ್ತದೆ.

"ಆದರೆ ಕಂಪನಿ ಹಡಗುಗಳೇ ಫ್ರೆಂಚರನ್ನು ಓಡಿಸಿದ್ದು ಓದಿದ್ದೇವಲ್ಲ" ಅಂತ ನೀವು ಕೇಳಬಹುದು. ಹೌದು, ಓಡಿಸಿದ್ದುಂಟು. ಆ ಕಥೆಯನ್ನು ಸ್ವಲ್ಪ ವಿವರವಾಗಿ ಹೇಳಲೇಬೇಕು. ಯಾಕಂದ್ರೆ ನಮ್ಮ ಪ್ರಶ್ನೆಗೆ ಉತ್ತರ ಅದರಲ್ಲೇ ಇದೆ.

1804ರ ಫೆಬ್ರವರಿ. ಚೀನಾದ ಕ್ಯಾಂಟನ್‌ನಿಂದ ಹೊರಟ ಹಡಗುಗಳ ದೊಡ್ಡ ಗುಂಪು ಮಲಕ್ಕಾ ಜಲಸಂಧಿಯ ಕಡೆ ಬರುತ್ತಿತ್ತು. 16 ದೊಡ್ಡ ಕಂಪನಿ ಹಡಗು. ಏಷ್ಯಾದೊಳಗೇ ವ್ಯಾಪಾರ ಮಾಡುವ 11 'ಕಂಟ್ರಿ' ಹಡಗು. ಜತೆಗೆ ಇನ್ನೊಂದೆರಡು ಸಣ್ಣವು. ಒಳಗಿದ್ದ ಸರಕಿನ ಬೆಲೆ ಸುಮಾರು 80 ಲಕ್ಷ ಪೌಂಡ್. ಕಾವಲಿಗೆ ನೌಕಾಪಡೆಯ ಒಂದೇ ಒಂದು ಹಡಗೂ ಇರಲಿಲ್ಲ. ಹಿರಿಯ ಕ್ಯಾಪ್ಟನ್ ಅನ್ನುವ ಕಾರಣಕ್ಕೆ ನಾಯಕತ್ವ ನಥಾನಿಯಲ್ ಡಾನ್ಸ್ ಅವರ ಮೇಲೆ ಬಿದ್ದಿತ್ತು. 14ನೇ ತಾರೀಖು ಪುಲೋ ಔರ ದ್ವೀಪದ ಹತ್ತಿರ ಎದುರಿಗೆ ಫ್ರೆಂಚ್ ಹಡಗುಗಳು ಕಂಡವು. ಅಡ್ಮಿರಲ್ ಲಿನ್ವಾ ಇದೇ ಗುಂಪಿಗಾಗಿ ಕಾದು ಕೂತಿದ್ದ. ಅವನ ಬಳಿ 74 ಫಿರಂಗಿಯ ಮರೆಂಗೊ, ಎರಡು ಫ್ರಿಗೇಟ್ (ಅದಕ್ಕಿಂತ ಚಿಕ್ಕ, ವೇಗದ ಯುದ್ಧದ ಹಡಗು), ಇನ್ನೆರಡು ಸಣ್ಣ ಯುದ್ಧದ ಹಡಗು.

ಹೆದರಿ ಚದುರಿದ್ದರೆ ಲಿನ್ವಾ ಒಂದೊಂದಾಗಿ ಹಿಡಿದು ಹಾಕುತ್ತಿದ್ದ. ಡಾನ್ಸ್ ಚದುರಲಿಲ್ಲ. ದೊಡ್ಡ ಹಡಗುಗಳನ್ನು ಯುದ್ಧಕ್ಕೆ ನಿಲ್ಲುವ ಹಾಗೆ ಸಾಲಾಗಿ ನಿಲ್ಲಿಸಿದರು. ಸಣ್ಣವನ್ನು ಆ ಸಾಲಿನ ಮರೆಗೆ ಕಳಿಸಿದರು. ರಾತ್ರಿಯಿಡೀ ದೀಪ ಹಚ್ಚಿಟ್ಟು ಅಲ್ಲೇ ನಿಂತರು. ನಾವು ಓಡುತ್ತಿಲ್ಲ, ಬೇಕಾದರೆ ಬನ್ನಿ ಅನ್ನುವ ಹಾಗೆ. ಬೆಳಗಾದ ಮೇಲೆ ಕೆಲವು ಹಡಗಿನ ಮೇಲೆ ನೌಕಾಪಡೆಯ ನೀಲಿ ಬಾವುಟ ಏರಿಸಿದರು. ಲಿನ್ವಾಗೆ ಅನುಮಾನ ಬಂತು. ಈ ಸಾಲಿನೊಳಗೆ ನಿಜವಾದ ಯುದ್ಧದ ಹಡಗುಗಳು ಸೇರಿಕೊಂಡಿವೆಯಾ? ಅವನು ಹಿಂದಿನಿಂದ ಬಂದು ಸಾಲನ್ನು ತುಂಡು ಮಾಡೋಕೆ ಹೊರಟಾಗ ಡಾನ್ಸ್ ಹಡಗುಗಳನ್ನು ತಿರುಗಿಸಿ ಅವನ ಮೇಲೇ ಹೋದರು. ಮುಂದೆ ರಾಯಲ್ ಜಾರ್ಜ್, ಹಿಂದೆ ಗ್ಯಾಂಜಸ್, ಆಮೇಲೆ ಡಾನ್ಸ್ ಅವರ ಅರ್ಲ್ ಕ್ಯಾಮ್ಡೆನ್. ಗುಂಡಿನ ಕಾಳಗ ನಡೆದದ್ದು ಮುಕ್ಕಾಲು ಗಂಟೆಗೂ ಕಡಿಮೆ. ಲಿನ್ವಾ ಹಿಂದೆ ಸರಿದ. ಚಹಾ ಹೊತ್ತ ವ್ಯಾಪಾರಿ ಹಡಗುಗಳು ಎರಡು ಗಂಟೆ ಹೊತ್ತು ಫ್ರೆಂಚ್ ಯುದ್ಧದ ಹಡಗುಗಳನ್ನು ಬೆನ್ನಟ್ಟಿದವು! ರಾಯಲ್ ಜಾರ್ಜ್‌ನಲ್ಲಿ ಒಬ್ಬ ನಾವಿಕ ಸತ್ತ, ಒಬ್ಬನಿಗೆ ಗಾಯವಾಯಿತು. ಊರಿಗೆ ಹೋದ ಮೇಲೆ ಡಾನ್ಸ್ ಅವರಿಗೆ 'ಸರ್' ಪದವಿ ಸಿಕ್ಕಿತು, ಪಿಂಚಣಿ ಸಿಕ್ಕಿತು, ಬಾಂಬೆಯ ವಿಮಾ ಕಂಪನಿಯಿಂದ 5,000 ಪೌಂಡ್ ಬಹುಮಾನವೂ ಬಂತು.

ಡಾನ್ಸ್ ಅವರ ಧೈರ್ಯಕ್ಕೆ ನಾನು ತಲೆಬಾಗುತ್ತೇನೆ. ಆದರೆ ಇದನ್ನು 'ಕಂಪನಿಗೆ ನೌಕಾಪಡೆ ಬೇಕಿರಲಿಲ್ಲ' ಅನ್ನೋದಕ್ಕೆ ಸಾಕ್ಷಿಯಾಗಿ ಹೇಳುವವರ ಮಾತು ಒಪ್ಪೋಕಾಗಲ್ಲ. ಲಿನ್ವಾ ಹೆದರಿದ್ದು ಕಂಪನಿ ಫಿರಂಗಿಗಲ್ಲ, ನೀಲಿ ಬಾವುಟಕ್ಕೆ. ನಿಜವಾದ ನೌಕಾಪಡೆ ಸಮುದ್ರದ ಮೇಲೆ ಎಲ್ಲೆಲ್ಲೂ ಇದ್ದದ್ದರಿಂದಲೇ ಸುಳ್ಳು ಬಾವುಟಕ್ಕೂ ಬೆಲೆ ಬಂತು. ಲಿನ್ವಾಗೆ ಇನ್ನೊಂದು ಚಿಂತೆಯೂ ಇತ್ತು. ಅವನ ಹಡಗಿಗೆ ಪೆಟ್ಟಾದರೆ ಆ ಸಮುದ್ರದಲ್ಲಿ ರಿಪೇರಿಗೆ ಹತ್ತಿರದಲ್ಲಿ ದೊಡ್ಡ ಫ್ರೆಂಚ್ ಬಂದರು ಇರಲಿಲ್ಲ. ಡಾನ್ಸ್ ಕೂಡ ಮುಂದಿನ ದಾರಿಯನ್ನು ಒಬ್ಬರೇ ಹೋಗಲಿಲ್ಲ. ಮಲಕ್ಕಾ ಜಲಸಂಧಿಯಲ್ಲಿ ನೌಕಾಪಡೆಯ ಎರಡು ದೊಡ್ಡ ಹಡಗು ಸಿಕ್ಕವು. ಸೇಂಟ್ ಹೆಲೆನಾ ದ್ವೀಪದವರೆಗೂ ಅವೇ ಕಾವಲು ಬಂದವು.

ಮೋಸ ನಡೆಯದಿದ್ದಾಗ ಏನಾಗುತ್ತಿತ್ತು ಅನ್ನೋದಕ್ಕೆ ಕೆಂಟ್ ಹಡಗಿನ ಕಥೆ ಇದೆ. 1800ರ ಅಕ್ಟೋಬರ್‌ನಲ್ಲಿ ಬಂಗಾಳ ಕೊಲ್ಲಿಯಲ್ಲಿ ಫ್ರಾನ್ಸಿನ ರೊಬೇರ್ ಸುರ್ಕೂಫ್ ಇದನ್ನು ಹಿಡಿದ. ಅವನು ನೌಕಾಪಡೆಯವನಲ್ಲ. ಶತ್ರು ದೇಶದ ವ್ಯಾಪಾರಿ ಹಡಗು ದೋಚೋಕೆ ಸರ್ಕಾರದ ಪರವಾನಗಿ ಪಡೆದಿದ್ದ ಖಾಸಗಿ ನಾವಿಕ. ಅವನ ಹಡಗಿನಲ್ಲಿ ಇದ್ದದ್ದು 18 ಫಿರಂಗಿ. ಕೆಂಟ್ ಅದಕ್ಕಿಂತ ಎಷ್ಟೋ ದೊಡ್ಡದು, ಫಿರಂಗಿಯೂ ಜಾಸ್ತಿ, ಪ್ರಯಾಣಿಕರೂ ಸೇರಿ ಜನವೂ ತುಂಬಾ ಇದ್ದರು. ಆದರೂ ಸುರ್ಕೂಫ್‌ನ ಜನ ಪಕ್ಕಕ್ಕೆ ಬಂದು ಹತ್ತಿಬಿಟ್ಟರು. ಕ್ಯಾಪ್ಟನ್ ರಿವಿಂಗ್ಟನ್ ಕಾದಾಡುತ್ತಲೇ ಸತ್ತರು. ಹಡಗು ಶತ್ರುವಿನ ಕೈಸೇರಿತು. ಕಾದಾಟದ ತರಬೇತಿ ಇರುವ ಜನಕ್ಕೂ ಸರಕು ಸಾಗಿಸುವ ಜನಕ್ಕೂ ಇರುವ ವ್ಯತ್ಯಾಸ ಇದು.

ಹಾಗಾದರೆ ನೌಕಾಪಡೆ ಕಾವಲು ಕಾಯುತ್ತಿದ್ದದ್ದು ಹೇಗೆ? ಯುದ್ಧ ಶುರುವಾದರೆ ವ್ಯಾಪಾರಿ ಹಡಗುಗಳು ಒಂಟಿಯಾಗಿ ಹೊರಡುತ್ತಿರಲಿಲ್ಲ. ಇಂಗ್ಲೆಂಡಿನ ಸ್ಪಿಟ್‌ಹೆಡ್ ಅಥವಾ ಡೌನ್ಸ್ ಅನ್ನುವ ಕಡೆ ಲಂಗರು ಹಾಕಿ ಗುಂಪು ಸೇರುವವರೆಗೂ ಕಾಯುತ್ತಿದ್ದವು. ಕಾವಲು ಹಡಗಿನ ಕ್ಯಾಪ್ಟನ್ ಪ್ರತಿ ಹಡಗಿಗೂ ಅಚ್ಚು ಹಾಕಿಸಿದ ಸೂಚನೆ ಕೊಡುತ್ತಿದ್ದ. ಯಾವ ಬಾವುಟಕ್ಕೆ ಏನರ್ಥ, ರಾತ್ರಿ ಎಷ್ಟು ದೀಪ, ಮಂಜು ಕವಿದರೆ ಎಷ್ಟು ಗುಂಡಿನ ಸದ್ದು, ಎಲ್ಲ ಅದರಲ್ಲಿ. ಗುಂಪಿನ ವೇಗ ಅಂದರೆ ಅದರಲ್ಲಿ ಎಲ್ಲಕ್ಕಿಂತ ನಿಧಾನದ ಹಡಗಿನ ವೇಗ. ಬೇಗ ಹೋಗಬಲ್ಲವರಿಗೆ ಇದು ದೊಡ್ಡ ತಲೆನೋವು. ಮೊದಲು ಮಾರುಕಟ್ಟೆ ತಲುಪಿದವನಿಗೆ ಒಳ್ಳೆಯ ಬೆಲೆ ಸಿಗುತ್ತದೆ, ಅಲ್ವಾ? ಹಾಗಾಗಿ ಕೆಲವರು ರಾತ್ರೋರಾತ್ರಿ ಗುಂಪು ಬಿಟ್ಟು ಹೋಗುತ್ತಿದ್ದರು. ಕೊನೆಗೆ 1798ರಲ್ಲಿ ಕಾನೂನೇ ಬಂತು. ವಿದೇಶಕ್ಕೆ ಹೋಗುವ ಹೆಚ್ಚಿನ ಹಡಗುಗಳು ಕಾವಲಿನ ಜತೆಗೇ ಹೋಗಬೇಕು ಅಂತ. ಕಂಪನಿ ಹಡಗುಗಳಿಗೆ ಇದರಿಂದ ವಿನಾಯಿತಿ ಇತ್ತು. ಆದರೂ ಯುದ್ಧಕಾಲದಲ್ಲಿ ಅವು ಕಾವಲು ಬಿಟ್ಟು ಹೊರಡುವುದು ಕಡಿಮೆ. ಕಾವಲಿದ್ದರೆ ವಿಮೆಯ ಕಂತೂ ಇಳಿಯುತ್ತಿತ್ತು.

ಕಾವಲು ಇದ್ದರೂ ಸಾಲದೇ ಹೋದದ್ದುಂಟು. 1780ರ ಆಗಸ್ಟ್ 9ರಂದು ಅಟ್ಲಾಂಟಿಕ್‌ನಲ್ಲಿ ನಡೆದದ್ದು ಬ್ರಿಟಿಷ್ ವ್ಯಾಪಾರದ ಚರಿತ್ರೆಯಲ್ಲಿ ಕರಾಳ ದಿನ. ವೆಸ್ಟ್ ಇಂಡೀಸಿಗೂ ಇಂಡಿಯಾಕ್ಕೂ ಹೊರಟಿದ್ದ 63 ಹಡಗುಗಳ ಗುಂಪಿಗೆ ಕಾವಲಾಗಿ ಇದ್ದದ್ದು ಒಂದು 74 ಫಿರಂಗಿಯ ಹಡಗು, ಎರಡು ಫ್ರಿಗೇಟ್. ಸ್ಪೇನ್ ಮತ್ತು ಫ್ರಾನ್ಸಿನ ಜಂಟಿ ನೌಕಾಪಡೆ ದಾರಿಗೆ ಅಡ್ಡ ಬಂತು. ನಾಯಕ ಸ್ಪೇನಿನ ಲೂಯಿಸ್ ದೆ ಕೊರ್ದೊಬಾ. ಅಷ್ಟು ದೊಡ್ಡ ಪಡೆಯ ಮುಂದೆ ಮೂರು ಕಾವಲು ಹಡಗು ಏನು ಮಾಡಬಲ್ಲವು? ಅವು ತಪ್ಪಿಸಿಕೊಂಡವು. 55 ಹಡಗು ಶತ್ರುವಿನ ಪಾಲಾದವು. ಅದರಲ್ಲಿ ಐದು ಕಂಪನಿ ಹಡಗು. ನಷ್ಟ ಸುಮಾರು 15 ಲಕ್ಷ ಪೌಂಡ್. ಕಾವಲಿನ ಮುಖ್ಯಸ್ಥ ಜಾನ್ ಮೌಟ್ರೆ ಅವರನ್ನು ವಿಚಾರಣೆಗೆ ನಿಲ್ಲಿಸಿ ಹಡಗಿನಿಂದ ತೆಗೆದುಹಾಕಿದರು. ಈ ಹಡಗುಗಳಿಗೆ ವಿಮೆ ಕೊಟ್ಟಿದ್ದ ಎಷ್ಟೋ ಜನ ದಿವಾಳಿಯಾದರು.

ಹಾಗಾಗಿ ಪಕ್ಕದಲ್ಲಿ ಕಾವಲು ಬರುವುದು ನೌಕಾಪಡೆಯ ಕೆಲಸದ ಒಂದು ಭಾಗ ಅಷ್ಟೇ. ದೊಡ್ಡ ಕೆಲಸ ಬೇರೆ ಇತ್ತು. ಫ್ರಾನ್ಸಿನ ಬ್ರೆಸ್ಟ್, ತುಲೋನ್ ಬಂದರುಗಳ ಬಾಯಲ್ಲಿ ಚಳಿ ಮಳೆ ಎನ್ನದೆ ತಿಂಗಳುಗಟ್ಟಲೆ ನಿಂತು ಶತ್ರು ಹೊರಗೇ ಬಾರದ ಹಾಗೆ ನೋಡಿಕೊಳ್ಳುವುದು. ಹಿಂದೂ ಮಹಾಸಾಗರದಲ್ಲಿ ಮಾರಿಷಸ್ ದ್ವೀಪ ಫ್ರೆಂಚರ ಅಡ್ಡಾ ಆಗಿತ್ತು. ಬಂಗಾಳ ಕೊಲ್ಲಿಯಲ್ಲಿ ದೋಚುತ್ತಿದ್ದವರು ಹೊರಡುತ್ತಿದ್ದದ್ದು ಅಲ್ಲಿಂದಲೇ. 1809ರ ನವೆಂಬರ್‌ನಲ್ಲಿ ಒಂದೇ ದಿನ ಮೂರು ಕಂಪನಿ ಹಡಗು ಅವರ ಕೈಗೆ ಬಿದ್ದವು. ಮರುವರ್ಷ ಇನ್ನೆರಡು. 1810ರ ಡಿಸೆಂಬರ್‌ನಲ್ಲಿ ಬ್ರಿಟಿಷರು ಆ ದ್ವೀಪವನ್ನೇ ಹಿಡಿದರು. ಅಲ್ಲಿಂದ ಬರುತ್ತಿದ್ದ ಕಾಟ ನಿಂತಿತು. ಇದು ಕಂಪನಿ ಫಿರಂಗಿಗಳಿಂದ ಆಗುವ ಕೆಲಸ ಅಲ್ಲ.

ಇಲ್ಲಿ ಗಾಳಿಯ ಮಾತು ಹೇಳದೆ ಮುಂದೆ ಹೋಗೋಕಾಗಲ್ಲ. ಹಾಯಿ ಹಡಗಿಗೆ ಗಾಳಿಯೇ ಯಜಮಾನ. ಚೆನ್ನೈಯಿಂದ ಕಡಲೂರಿನವರೆಗಿನ ತೀರದಲ್ಲಿ ಆಗ ಹಡಗಿಗೆ ಆಸರೆ ಕೊಡುವ ಬಂದರೇ ಇರಲಿಲ್ಲ. ಹಡಗು ದೂರದಲ್ಲಿ ಲಂಗರು ಹಾಕಬೇಕು. ಜನ, ಸರಕು ಎಲ್ಲ ಮಸೂಲ ದೋಣಿಯಲ್ಲಿ ದಡ ಸೇರಬೇಕು. ಈ ದೋಣಿಗಳಿಗೆ ಮೊಳೆಯೇ ಇಲ್ಲ. ಹಲಗೆಗಳನ್ನು ತೆಂಗಿನ ನಾರಿನ ಹುರಿಯಿಂದ ಹೊಲಿದಿರುತ್ತಿದ್ದರು. ಅಲೆ ಬಡಿದಾಗ ಅವು ಮುರಿಯದೆ ಬಾಗುತ್ತಿದ್ದವು. ಗಟ್ಟಿಯಾಗಿ ಮೊಳೆ ಹೊಡೆದ ಇಂಗ್ಲಿಷ್ ದೋಣಿ ಅದೇ ಅಲೆಗೆ ಒಡೆದುಹೋಗುತ್ತಿತ್ತು. ಅಕ್ಟೋಬರ್‌ನಲ್ಲಿ ಈಶಾನ್ಯ ಮಾರುತ ಶುರುವಾಗುವ ಮೊದಲು ದೊಡ್ಡ ಹಡಗುಗಳು ಆ ತೀರ ಬಿಟ್ಟು ಹೋಗಲೇಬೇಕು. ಹೋಗುವುದೆಲ್ಲಿಗೆ? ಬಾಂಬೆಗೆ. ಅಲ್ಲಿ 1750ರಲ್ಲೇ ಕಟ್ಟಿದ ಡ್ರೈ ಡಾಕ್ ಇತ್ತು. ಹಡಗನ್ನು ಒಳಗೆ ತಂದು ನೀರು ಖಾಲಿ ಮಾಡಿ ತಳ ರಿಪೇರಿ ಮಾಡಬಹುದಿತ್ತು. ಫ್ರೆಂಚರಿಗೆ ಇಂಡಿಯಾದಲ್ಲಿ ಅಂಥ ಜಾಗ ಇರಲಿಲ್ಲ. ಯುದ್ಧಗಳ ಫಲಿತಾಂಶ ಎಷ್ಟೋ ಸಲ ಇದರ ಮೇಲೇ ನಿಂತಿತ್ತು.

ಹೈದರ್ ಅಲಿ ಬರುವುದು ಇಲ್ಲೇ. 1780ರ ಡಿಸೆಂಬರ್‌ನಲ್ಲಿ ಅಡ್ಮಿರಲ್ ಎಡ್ವರ್ಡ್ ಹ್ಯೂಸ್ ಮಂಗಳೂರಿಗೆ ಬಂದು ಅಲ್ಲಿದ್ದ ಹೈದರನ ಯುದ್ಧದ ಹಡಗುಗಳನ್ನು ನಾಶ ಮಾಡಿದ. ಇದು ಕಂಪನಿಯ ಪಡೆಯ ಕೆಲಸ ಅಲ್ಲ, ರಾಜನ ನೌಕಾಪಡೆಯದ್ದು. ಹೈದರ್ ನೆಲದ ಮೇಲೆ ಎಷ್ಟೇ ಗೆದ್ದರೂ ಸಮುದ್ರದ ಕಡೆಯಿಂದ ಕಂಪನಿಗೆ ಅಕ್ಕಿ, ಮದ್ದು, ಸೈನಿಕರು ಬರುತ್ತಲೇ ಇದ್ದರು. ಅದನ್ನು ತಡೆಯೋಕೆ ಅವನಿಗೆ ಫ್ರೆಂಚ್ ನೌಕಾಪಡೆ ಬೇಕಿತ್ತು. ಅಡ್ಮಿರಲ್ ಸುಫ್ರೆನ್ ಬಂದ. 1782-83ರಲ್ಲಿ ಹ್ಯೂಸ್ ಮತ್ತು ಸುಫ್ರೆನ್ ನಡುವೆ ಐದು ಕಾಳಗ ನಡೆದವು. 1782ರ ಜುಲೈನಲ್ಲಿ ಕಡಲೂರಿನ ಹತ್ತಿರ ಹೈದರ್ ಮತ್ತು ಸುಫ್ರೆನ್ ಭೇಟಿಯಾದರು. ಐದು ಕಾಳಗದಲ್ಲೂ ಯಾರಿಗೂ ಪೂರ್ತಿ ಗೆಲುವು ಸಿಗಲಿಲ್ಲ. ಮಳೆಗಾಲ ಬಂದಾಗ ಹ್ಯೂಸ್ ಬಾಂಬೆಗೆ ಹೋಗಿ ಹಡಗು ಸರಿಮಾಡಿಸಿಕೊಂಡ. ಸುಫ್ರೆನ್ ಸುಮಾತ್ರಾ ದ್ವೀಪದ ಅಚೆಹ್ ಅನ್ನುವ ಕಡೆಗೆ ಹೋಗಬೇಕಾಯಿತು. 1782ರ ಡಿಸೆಂಬರ್‌ನಲ್ಲಿ ಹೈದರ್ ತೀರಿಕೊಂಡ. ಕೊನೆಯ ಕಾಳಗ ನಡೆದದ್ದು 1783ರ ಜೂನ್ 20ರಂದು. ಯುರೋಪಿನಲ್ಲಿ ಜನವರಿಯಲ್ಲೇ ಶಾಂತಿಯ ಮಾತು ಮುಗಿದಿತ್ತು. ಸುದ್ದಿಯೂ ಗಾಳಿಯ ಮೇಲೇ ಬರಬೇಕಲ್ಲ. ಅದು ತಲುಪುವಷ್ಟರಲ್ಲಿ ಇನ್ನೂ ಎಷ್ಟೋ ಜನ ಸತ್ತಿದ್ದರು. ಆ ಸುದ್ದಿ ಬಂದು ಫ್ರೆಂಚರು ಹಿಂದೆ ಸರಿದ ಮೇಲೆ ಟಿಪ್ಪು ಒಬ್ಬನೇ ಉಳಿದ. 1784ರಲ್ಲಿ ಮಂಗಳೂರು ಒಪ್ಪಂದ ಆಯಿತು.

ಈಗ ಆ ಎರಡನೇ ಅರ್ಧಕ್ಕೆ ಬರೋಣ. ನೌಕಾಪಡೆಗೆ ಕಂಪನಿ ಯಾಕೆ ಬೇಕಿತ್ತು?

ಮೊದಲನೆಯದು ಪೆಟ್ಲುಪ್ಪು. ಫಿರಂಗಿ ಮದ್ದಿನಲ್ಲಿ ಮುಕ್ಕಾಲು ಪಾಲು ಪೆಟ್ಲುಪ್ಪೇ. ಉಳಿದದ್ದು ಇದ್ದಿಲು, ಗಂಧಕ. ಒಳ್ಳೆಯ ಪೆಟ್ಲುಪ್ಪು ಸಿಗುತ್ತಿದ್ದದ್ದು ಬಿಹಾರದಲ್ಲಿ. ಊರಿನ ಹಳೆಯ ಗೋಡೆ, ದನದ ಕೊಟ್ಟಿಗೆ ಸುತ್ತಮುತ್ತಲ ನೆಲದ ಮೇಲೆ ಬೆಳ್ಳಗೆ ಉಕ್ಕಿದ ಉಪ್ಪುಮಣ್ಣನ್ನು ನೋನಿಯಾ ಸಮುದಾಯದವರು ಕೆರೆದು ತರುತ್ತಿದ್ದರು. ನೀರಿನಲ್ಲಿ ಕರಗಿಸಿ, ಸೋಸಿ, ಕುದಿಸಿ ಹರಳು ಮಾಡುತ್ತಿದ್ದರು. ಅದು ಪಟ್ನಾದಿಂದ ಗಂಗೆಯ ಮೇಲೆ ದೋಣಿಯಲ್ಲಿ ಬಂದು ಕಂಪನಿ ಹಡಗಿನ ತಳ ಸೇರುತ್ತಿತ್ತು. ಹಡಗಿನ ತಳಕ್ಕೆ ಹೇಗೂ ಭಾರ ಬೇಕು, ಪೆಟ್ಲುಪ್ಪು ಆ ಕೆಲಸವನ್ನೂ ಮಾಡುತ್ತಿತ್ತು. 1693ರ ಸನ್ನದಿನಲ್ಲೇ ಕಂಪನಿ ವರ್ಷಕ್ಕೆ 500 ಟನ್ ಪೆಟ್ಲುಪ್ಪನ್ನು ಸರ್ಕಾರಕ್ಕೆ ಕೊಡಬೇಕು ಅಂತ ಷರತ್ತು ಹಾಕಿದ್ದರು. ಪ್ಲಾಸಿಯ ನಂತರ ಬಿಹಾರದ ಪೆಟ್ಲುಪ್ಪಿನ ಪೂರ್ತಿ ಹಿಡಿತ ಕಂಪನಿಗೇ ಸಿಕ್ಕಿತು. ಬ್ರಿಟಿಷರಿಗೆ ಮದ್ದಿನ ಚಿಂತೆ ಕಡಿಮೆಯಾಯಿತು, ಫ್ರೆಂಚರಿಗೆ ಜಾಸ್ತಿಯಾಯಿತು. ಬ್ರಿಟಿಷ್ ನೌಕಾಪಡೆಯ ಗೆಲುವುಗಳ ಬಗ್ಗೆ ಓದುವಾಗ ನನಗೆ ಈ ಮಣ್ಣು ಕೆರೆಯುವ ಜನ ನೆನಪಾಗುತ್ತಾರೆ. ಅವರ ಹೆಸರು ಯಾವ ಸ್ಮಾರಕದ ಮೇಲೂ ಇಲ್ಲ.

ಎರಡನೆಯದು ದುಡ್ಡು. ನೌಕಾಪಡೆ ತುಂಬಾ ಖರ್ಚಿನ ಬಾಬ್ತು. ಆ ಖರ್ಚಿನ ದೊಡ್ಡ ಪಾಲು ಸುಂಕದಿಂದಲೇ ಬರಬೇಕು. ಚಹಾದ ಮೇಲೆ ಒಂದು ಕಾಲಕ್ಕೆ ಎಷ್ಟು ಸುಂಕ ಇತ್ತು ಅಂದರೆ ಜನ ಕಳ್ಳಸಾಗಣೆಯ ಚಹಾವನ್ನೇ ಕುಡಿಯುತ್ತಿದ್ದರು. 1784ರಲ್ಲಿ ಬ್ರಿಟನ್ನಿನ ಪ್ರಧಾನಿ ಪಿಟ್ ಸರ್ಕಾರ ಅದನ್ನು ನೂರಕ್ಕೆ 119ರಿಂದ ಹನ್ನೆರಡೂವರೆಗೆ ಇಳಿಸಿತು. ಕಂಪನಿಯ ಚಹಾ ವ್ಯಾಪಾರ ಒಂದೇ ಸಮನೆ ಏರಿತು. ಅದಕ್ಕೇ ಚೀನಾದ ಹಡಗುಗಳು ಅಷ್ಟು ದೊಡ್ಡದಾದದ್ದು. ಆಮೇಲೆ ಯುದ್ಧದ ಖರ್ಚಿಗಾಗಿ ಸುಂಕವನ್ನು ಮತ್ತೆ ಮೇಲೆ ಮೇಲೆ ಏರಿಸಿದರು. 19ನೇ ಶತಮಾನದ ಮೊದಲ ದಶಕಗಳಲ್ಲಿ ಸರ್ಕಾರದ ಆದಾಯದ ಸುಮಾರು ಹತ್ತನೇ ಒಂದು ಪಾಲು ಚಹಾದಿಂದಲೇ ಬರುತ್ತಿತ್ತು. ಡಾನ್ಸ್ ಉಳಿಸಿದ ಆ 80 ಲಕ್ಷ ಪೌಂಡಿನ ಸರಕು ಬರೀ ಕಂಪನಿಯ ಸ್ವತ್ತಲ್ಲ ಅನ್ನೋದು ಇದರಿಂದ ಗೊತ್ತಾಗುತ್ತದೆ. ಮುಂದಿನ ವರ್ಷದ ಯುದ್ಧದ ಖರ್ಚೂ ಅದರಲ್ಲಿತ್ತು.

ಸುಂಕ ಸರ್ಕಾರಕ್ಕಾಯಿತು. ಅಧಿಕಾರಿಗಳಿಗೂ ಈ ಸಮುದ್ರದಲ್ಲಿ ಸಂಪಾದನೆ ಇತ್ತು. ಶತ್ರುವಿನಿಂದ ವಶಪಡಿಸಿಕೊಂಡ ಸರಕನ್ನು ಮಾರಿ ಹಂಚಿಕೊಳ್ಳುವುದು ಆಗ ಕಾನೂನುಬದ್ಧ. 1796ರಲ್ಲಿ ಅಡ್ಮಿರಲ್ ಪೀಟರ್ ರೇನಿಯರ್ ಡಚ್ಚರಿಂದ ಅಂಬೋಯ್ನಾ ಮತ್ತು ಬಾಂದಾ ದ್ವೀಪಗಳನ್ನು ಹಿಡಿದರು. ಲವಂಗ, ಜಾಯಿಕಾಯಿ ತುಂಬಿದ ಉಗ್ರಾಣಗಳು ಸಿಕ್ಕವು. ಒಬ್ಬೊಬ್ಬ ಕ್ಯಾಪ್ಟನ್‌ಗೆ ಸುಮಾರು 15,000 ಪೌಂಡ್ ಪಾಲು ಬಂತು ಅಂದರೆ ಲೆಕ್ಕ ಹಾಕಿ. ರೇನಿಯರ್ ಸಾಯುವಾಗ ತಮ್ಮ ಆಸ್ತಿಯ ಹತ್ತನೇ ಒಂದು ಪಾಲನ್ನು ದೇಶದ ಸಾಲ ತೀರಿಸೋಕೆ ಬರೆದಿಟ್ಟರು.

ಮೂರನೆಯದು ಮರ. ಇಂಗ್ಲೆಂಡಿನಲ್ಲಿ ದೊಡ್ಡ ಓಕ್ ಮರಗಳು ಕಡಿಮೆಯಾಗುತ್ತಾ ಬಂದವು. ಪಶ್ಚಿಮ ಘಟ್ಟದ ತೇಗ ಓಕ್‌ಗಿಂತ ಜಾಸ್ತಿ ಬಾಳಿಕೆ ಬರುತ್ತಿತ್ತು. ಅದರಲ್ಲಿ ಎಣ್ಣೆಯಂಶ ಇರುವುದರಿಂದ ಹುಳು ಹಿಡಿಯುವುದು ಕಡಿಮೆ, ಒಳಗೆ ಹೊಡೆದ ಕಬ್ಬಿಣವೂ ಬೇಗ ತುಕ್ಕು ಹಿಡಿಯುವುದಿಲ್ಲ. ಬಾಂಬೆಯಲ್ಲಿ ಸೂರತ್‌ನಿಂದ ಬಂದ ಪಾರ್ಸಿಗಳಾದ ವಾಡಿಯಾ ಮನೆತನ ತಲೆಮಾರುಗಳಿಂದ ಹಡಗು ಕಟ್ಟುತ್ತಿತ್ತು. 1810ರಲ್ಲಿ ಅಲ್ಲೇ ಮಿಂಡೆನ್ ಅನ್ನುವ 74 ಫಿರಂಗಿಯ ಯುದ್ಧದ ಹಡಗು ನೀರಿಗಿಳಿಯಿತು. ಕಟ್ಟಿಸಿದವರು ಜಮ್‌ಶೆಟ್‌ಜಿ ಬೊಮನ್‌ಜಿ ವಾಡಿಯಾ. ಅವರೇ 1817ರಲ್ಲಿ ಕಟ್ಟಿದ ಟ್ರಿಂಕೋಮಲಿ ಅನ್ನುವ ಫ್ರಿಗೇಟ್ ಇವತ್ತಿಗೂ ಇಂಗ್ಲೆಂಡಿನ ಹಾರ್ಟ್ಲ್‌ಪೂಲ್‌ನಲ್ಲಿ ನೀರಿನ ಮೇಲೇ ಇದೆ. ಹೋದವರು ಹತ್ತಿ ನೋಡಬಹುದು. ಈ ಮರಕ್ಕಾಗಿ ಕಾಡಿನ ಮೇಲೆ ಹಕ್ಕು ಹಾಕೋಕೆ ಕಂಪನಿ 1806ರಲ್ಲಿ ಮಲಬಾರಿಗೆ ಕ್ಯಾಪ್ಟನ್ ವಾಟ್ಸನ್ ಅನ್ನುವವರನ್ನು ಅರಣ್ಯದ ಅಧಿಕಾರಿಯಾಗಿ ಕಳಿಸಿತು. ಅಲ್ಲಿಯವರೆಗೆ ತಮ್ಮದೇ ಅಂದುಕೊಂಡಿದ್ದ ತೇಗವನ್ನು ಊರಿನವರು ಕಡಿಯುವ ಹಾಗಿಲ್ಲ ಅಂತಾಯಿತು. ಜನರ ವಿರೋಧ ಜೋರಾಗಿ 1823ರಲ್ಲಿ ಆ ವ್ಯವಸ್ಥೆ ಕೈಬಿಡಬೇಕಾಯಿತು.

ಹಡಗುಗಳನ್ನೇ ಕೊಟ್ಟದ್ದೂ ಉಂಟು. 1795ರಲ್ಲಿ ಯುದ್ಧದ ಒತ್ತಡ ಹೆಚ್ಚಾದಾಗ ನೌಕಾಪಡೆ ಕೆಲವು ಕಂಪನಿ ಹಡಗುಗಳನ್ನು ಕೊಂಡುಕೊಂಡು ಯುದ್ಧದ ಹಡಗು ಮಾಡಿಕೊಂಡಿತು. ಗ್ಲ್ಯಾಟನ್, ಕಲ್ಕತ್ತಾ ಅಂಥವು.

ಕೊನೆಯದು ಜನ. ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವುದು ಇದೇ. ನೌಕಾಪಡೆಗೆ ಯಾವಾಗಲೂ ಆಳು ಕಡಿಮೆ. ಅದಕ್ಕೆ ಬಲವಂತವಾಗಿ ಹಿಡಿದು ಸೇರಿಸಿಕೊಳ್ಳುವ ಹಕ್ಕು ಇತ್ತು. ಎಲ್ಲಕ್ಕಿಂತ ಒಳ್ಳೆಯ ಬೇಟೆ ಅಂದರೆ ಇಂಡಿಯಾದಿಂದ ವಾಪಸಾಗುತ್ತಿರುವ ಹಡಗು. ಒಳಗಿರುವವರೆಲ್ಲ ಪಳಗಿದ ನಾವಿಕರು. ಒಂದೂವರೆ ವರ್ಷ ಮನೆ ಬಿಟ್ಟವನಿಗೆ ಇಂಗ್ಲೆಂಡಿನ ದಡ ಕಣ್ಣಿಗೆ ಕಾಣುತ್ತಿರುತ್ತದೆ. ಅಷ್ಟರಲ್ಲಿ ನೌಕಾಪಡೆಯ ದೋಣಿ ಪಕ್ಕಕ್ಕೆ ಬರುತ್ತದೆ. ದಡಕ್ಕೆ ಕಾಲಿಡದೆಯೇ ಅವನು ಇನ್ನೊಂದು ಹಡಗು ಹತ್ತಬೇಕು, ಇನ್ನೆಷ್ಟು ವರ್ಷವೋ ಗೊತ್ತಿಲ್ಲ. ಇಂಡಿಯಾದ ಬಂದರುಗಳಲ್ಲೂ ಹೀಗೇ ಹಿಡಿಯುತ್ತಿದ್ದರು. ಕಾವಲು ಕಾಯಬೇಕಾದವರೇ ಆಳು ಕಿತ್ತುಕೊಂಡರೆ ವ್ಯಾಪಾರಿ ಹಡಗು ಫಿರಂಗಿ ಹಾರಿಸುವುದು ಹೇಗೆ? ಕೆಲವು ಸಲ ಹಾಯಿ ಎಳೆಯೋಕೂ ಜನ ಸಾಲುತ್ತಿರಲಿಲ್ಲ.

ಆ ಜಾಗ ತುಂಬಿದವರು ಲಸ್ಕರ್‌ಗಳು. ಬಂಗಾಳ, ಗುಜರಾತ್, ಕೊಂಕಣ ತೀರದ ಖಲಾಸಿಗಳು. ಸಾರಂಗ ಅನ್ನುವ ಮೇಸ್ತ್ರಿಯ ಕೈಕೆಳಗೆ ತಂಡವಾಗಿ ಸೇರುತ್ತಿದ್ದರು. ಇಂಗ್ಲಿಷ್ ನಾವಿಕನಿಗಿಂತ ತುಂಬಾ ಕಡಿಮೆ ಸಂಬಳ. ಬ್ರಿಟಿಷ್ ಹಡಗಿನ ಸಿಬ್ಬಂದಿಯಲ್ಲಿ ನಾಲ್ಕನೇ ಮೂರು ಪಾಲು ಬ್ರಿಟಿಷರೇ ಇರಬೇಕು ಅನ್ನುವ ಕಾನೂನು 17ನೇ ಶತಮಾನದಿಂದಲೂ ಇತ್ತು. ಯುದ್ಧಕಾಲದಲ್ಲಿ ಅದನ್ನು ಸಡಿಲ ಮಾಡುತ್ತಿದ್ದರು. ಶಾಂತಿ ಬಂದ ಕೂಡಲೇ ಬಿಗಿ. ಹಾಗಾಗಿ ಹಡಗು ನಡೆಸಿಕೊಂಡು ಲಂಡನ್‌ವರೆಗೆ ಬಂದ ಲಸ್ಕರ್‌ಗೆ ವಾಪಸ್ ಹೋಗುವಾಗ ಹೆಚ್ಚಾಗಿ ಕೆಲಸ ಇರುತ್ತಿರಲಿಲ್ಲ. ಪ್ರಯಾಣಿಕನಾಗಿ ಯಾವ ಹಡಗಿನಲ್ಲಾದರೂ ಜಾಗ ಸಿಗುವವರೆಗೂ ತಿಂಗಳುಗಟ್ಟಲೆ ಕಾಯಬೇಕು. ಶಾಡ್‌ವೆಲ್ ಅನ್ನುವ ಕಡೆ ಅವರನ್ನು ಕಟ್ಟಡಗಳಲ್ಲಿ ತುಂಬುತ್ತಿದ್ದರು. ಲಂಡನ್ ಚಳಿಯಲ್ಲಿ ಬರಿಗಾಲಲ್ಲಿ, ತೆಳು ಬಟ್ಟೆಯಲ್ಲಿ ಇದ್ದವರು ಕಾಯಿಲೆ ಬಿದ್ದರು, ಎಷ್ಟೋ ಜನ ಅಲ್ಲೇ ಸತ್ತರು. 1814ರಲ್ಲಿ ಒಂದು ಕಾನೂನು ಬಂದು, ಊರಿಗೆ ಕಳಿಸುವವರೆಗೆ ಇವರ ಊಟ, ಬಟ್ಟೆ, ವಸತಿ ಕಂಪನಿಯ ಜವಾಬ್ದಾರಿ ಅಂತ ಹೇಳಿತು. ಅಷ್ಟು ಹೊತ್ತಿಗೆ ಫ್ರಾನ್ಸಿನ ಜತೆಗಿನ ಯುದ್ಧ ಮುಗಿಯುತ್ತಾ ಬಂದಿತ್ತು. ಇಂಡಿಯಾದ ವ್ಯಾಪಾರದ ಮೇಲಿನ ಕಂಪನಿಯ ಏಕಸ್ವಾಮ್ಯ ಹಿಂದಿನ ವರ್ಷವೇ ಹೋಗಿತ್ತು. ಚೀನಾದ್ದು 1833ರಲ್ಲಿ ಹೋಯಿತು. ಆಮೇಲೆ ಆ ದೊಡ್ಡ ಹಡಗುಗಳಿಗೆ ಕಂಪನಿಯ ಬಾಡಿಗೆ ನಿಂತಿತು, ಅವು ಕೈಬದಲಾದವು. ಲಸ್ಕರ್‌ಗಳ ಕೆಲಸ ಮಾತ್ರ ನಿಲ್ಲಲಿಲ್ಲ. ಹಾಯಿ ಹೋಗಿ ಉಗಿ ಹಡಗು ಬಂದ ಮೇಲೂ ಎಂಜಿನ್ ಕೋಣೆಯಲ್ಲಿ ಕಲ್ಲಿದ್ದಲು ಹಾಕುತ್ತಿದ್ದವರಲ್ಲಿ ಎಷ್ಟೋ ಜನ ಅವರೇ.